ಮಾವನ ಬಾವಿಯೂ ನನ್ನ ರೇಡಿಯೇಟರೂ

ಹಳೆಯ ಕಾರು ಇಟ್ಟುಕೊಂಡವನು ರಸ್ತೆ ನೋಡಿ ಕಾರು ಓಡಿಸುವುದಿಲ್ಲ, ಮುಳ್ಳು ನೋಡಿ ಓಡಿಸುತ್ತಾನೆ. ಸ್ಟಿಯರಿಂಗಿನ ಹಿಂದೆ ಗಾಜಿನ ಒಂದು ಪುಟ್ಟ ಕಿಟಕಿ ಇರುತ್ತದಲ್ಲ, ಅದರ ಎಡತುದಿಗೆ ‘ಸಿ’ ಎಂದೂ ಬಲತುದಿಗೆ ‘ಎಚ್’ ಎಂದೂ ಬರೆದಿರುತ್ತದೆ. ಎಂಜಿನ್ ತಣ್ಣಗಿದ್ದರೆ ಮುಳ್ಳು ಸಿ ಕಡೆ ಮಲಗಿರುತ್ತದೆ, ಕಾದರೆ ಎಚ್ ಕಡೆ ಏಳುತ್ತದೆ. ಹೊಸ ಕಾರಿನವರಿಗೆ ಇಂಥದೊಂದು ಮುಳ್ಳು ಇದೆ ಎಂಬುದೇ ಗೊತ್ತಿರುವುದಿಲ್ಲ. ನನಗೋ, ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ದಾರಿಯಲ್ಲಿ ಯಾವ ಅಂಗಡಿ ಹೊಸದಾಗಿ ಬಂದಿದೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಯಾವ ತಿರುವಿನಲ್ಲಿ ಮುಳ್ಳು ಎಷ್ಟು ಏಳುತ್ತದೆ ಎಂದು ನಿದ್ದೆಗಣ್ಣಿನಲ್ಲಿ ಕೇಳಿದ್ದರೂ ಹೇಳುತ್ತಿದ್ದೆ. ನನ್ನ ಹೆಂಡತಿ ಸುಶೀಲಾ ಪಕ್ಕದಲ್ಲಿ ಕೂತು, ‘ನೋಡಿ, ಎಷ್ಟು ಚಂದದ ಮನೆ ಕಟ್ಟಿದ್ದಾರೆ’ ಎಂದರೆ, ‘ಮುಳ್ಳು ನಡು ದಾಟಿತು’ ಎನ್ನುವುದು ನನ್ನ ಉತ್ತರ. ಇಂಥ ಗಂಡನ ಜೊತೆ ಅವಳು ಅಷ್ಟು ವರ್ಷ ಹೇಗೆ ಪ್ರಯಾಣ ಮಾಡಿದಳೋ ನನಗೆ ಈಗಲೂ ಆಶ್ಚರ್ಯ.

ಕಾರು ಯಾವ ಕಂಪನಿಯದು ಎಂದು ಹೇಳುವುದಿಲ್ಲ. ಕಂಪನಿಯ ತಪ್ಪು ಇದರಲ್ಲಿ ಎಳ್ಳಷ್ಟೂ ಇರಲಿಲ್ಲ ಎಂಬುದು ಮುಂದೆ ನಿಮಗೇ ತಿಳಿಯುತ್ತದೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಮಣಿಪಾಲದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮಾಸ್ತರ, ಮನೆ ಆದಿ ಉಡುಪಿಯಲ್ಲಿ. ಬೂದು ಬಣ್ಣದ ಆ ಕಾರು ನನ್ನ ಕೈಗೆ ಬರುವ ಮೊದಲೇ ಸಾಕಷ್ಟು ಲೋಕ ಕಂಡಿತ್ತು. ಹಿಂಬಾಗಿಲೊಂದು ಒಳಗಿನಿಂದ ಮಾತ್ರ ತೆರೆಯುತ್ತಿತ್ತು. ಹಾರ್ನ್ ತನಗೆ ಮನಸ್ಸು ಬಂದಾಗ ಮಾತ್ರ ಕೂಗುತ್ತಿತ್ತು. ಇವಕ್ಕೆಲ್ಲ ನಾನು ಹೊಂದಿಕೊಂಡಿದ್ದೆ. ಆದರೆ ನಾನು ಮೊದಲೇ ಪುಕ್ಕಲು. ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್‌ಸ್ಟಾಂಡಿನಿಂದ ವಾಪಸು ಬಂದು ಬೀಗ ಎಳೆದು ನೋಡುವ ಜಾತಿ. ಅಂಥವನ ಕಣ್ಣೆದುರು ಸದಾ ಅಲುಗಾಡುವ ಒಂದು ಮುಳ್ಳನ್ನು ಇಟ್ಟರೆ ಅವನ ಗತಿ ಏನಾಗಬೇಡ?

ಪ್ರತಿ ಭಾನುವಾರ ನಾವು ಕಾಪುವಿಗೆ, ಸುಶೀಲಾಳ ತವರಿಗೆ ಹೋಗುತ್ತಿದ್ದೆವು. ಮಾವನ ಅಂಗಳಕ್ಕೂ ಕಡಲಿಗೂ ನಡುವೆ ಇದ್ದದ್ದು ಒಂದು ತೆಂಗಿನ ತೋಟ ಮತ್ತು ಒಂದಿಷ್ಟು ಹೊಯ್ಗೆ, ಅಂದರೆ ಮರಳು, ಅಷ್ಟೆ. ಮಾವ ಒಂದು ಕಾಲದಲ್ಲಿ ರಂಪಣಿಯ ಮುಂದಾಳು. ರಂಪಣಿ ಎಂದರೆ ಊರಿಗೆ ಊರೇ ದಡದಲ್ಲಿ ನಿಂತು ಎಳೆಯುವ ದೊಡ್ಡ ಬಲೆ. ಯಂತ್ರದ ಬೋಟುಗಳು ಬಂದ ಮೇಲೆ ಆ ಬಲೆಗೆ ಮೀನು ಬೀಳುವುದು ನಿಂತಿತು, ಎಳೆಯುವ ಜನ ಚದುರಿದರು, ದೋಣಿಯೂ ಹೋಯಿತು. ಮಾವನಿಗೆ ಉಳಿದದ್ದು ಅಂಗಳದ ಬಾವಿ. ಕಡಲಿನ ಅಷ್ಟು ಹತ್ತಿರ ಇದ್ದೂ ಅದರ ನೀರು ಸಿಹಿ. ಬಲೆ ಎಳೆದು ಬಾಯಾರಿದವರೆಲ್ಲ ಅಲ್ಲಿಗೇ ಬಂದು ಕುಡಿಯುತ್ತಿದ್ದರಂತೆ. ಸುತ್ತಲಿನ ಮನೆಯ ಹೆಂಗಸರು ಕೊಡಪಾನ ಹಿಡಿದು ಬರುತ್ತಿದ್ದುದನ್ನು ನಾನೇ ಕಂಡಿದ್ದೇನೆ. ‘ಬಾವಿ ತೋಡಿಸಿದ್ದು ನನ್ನಪ್ಪ. ಜಾಗ ತೋರಿಸಿದ್ದು ಯಾರು ಗೊತ್ತುಂಟಾ? ಸಿಹಿನೀರಿನ ವಾಸನೆ ಹಿಡಿದ ಅವರ ಮೂಗು’ ಎಂದು ಮಾವ ಹೇಳುತ್ತಿದ್ದರು. ಮನೆಯೊಳಗೆ ನಾವು ಮಾತನಾಡುತ್ತಿದ್ದದ್ದು ತುಳು. ಇಲ್ಲಿ ಕನ್ನಡಕ್ಕೆ ಇಳಿಸುವಾಗ ಮಾವನ ಮಾತಿನ ಖಾರ ಸ್ವಲ್ಪ ಕಡಿಮೆಯಾಗಿದೆ, ಕ್ಷಮಿಸಬೇಕು.

ನಾವು ಹೋದ ಕೂಡಲೇ ಅತ್ತೆ ಬೆಲ್ಲ ಮತ್ತು ನೀರು ತಂದಿಡುತ್ತಿದ್ದರು. ಬಿಸಿಲಲ್ಲಿ ಬಂದವರಿಗೆ ನಮ್ಮ ಕಡೆ ಮೊದಲು ಕೊಡುವುದು ಅದೇ. ಬೆಲ್ಲ ಕಚ್ಚಿ ನೀರು ಕುಡಿದು ನಾನು, ‘ಏನು ರುಚಿ ಮಾವ!’ ಎನ್ನಬೇಕು. ಹಾಗೆ ಎನ್ನದೆ ಊಟ ಮುಂದಕ್ಕೆ ಹೋಗುತ್ತಿರಲಿಲ್ಲ. ಸಂಜೆ ಹೊರಡುವಾಗ ಇನ್ನೊಂದು ಕ್ರಮ. ಮಾವ ಸ್ವತಃ ನೀರು ಸೇದಿ, ಚೊಂಬಿನಲ್ಲಿ ಕಾರಿನ ರೇಡಿಯೇಟರಿಗೆ ಕುತ್ತಿಗೆಯವರೆಗೆ ತುಂಬಿಸುತ್ತಿದ್ದರು. ಆಮೇಲೆ ಒಂದು ಬಿಳಿ ಪ್ಲಾಸ್ಟಿಕ್ ಕ್ಯಾನಿನ ತುಂಬ ನೀರು ಹಾಕಿ, ಅದರ ಬಾಯಿಗೆ ಬಲೆಯ ನೀಲಿ ನೂಲಿನಿಂದ ಗಂಟು ಹಾಕಿ, ಡಿಕ್ಕಿಯಲ್ಲಿಡುತ್ತಿದ್ದರು. ‘ನಿಮ್ಮ ಉಡುಪಿಯ ನೀರಿಗೆ ರುಚಿ ಎಂತ ಉಂಟು ಮಾಸ್ಟ್ರೇ? ಕುಡಿಯಲಿಕ್ಕೆ ಇದನ್ನು ಇಟ್ಟುಕೊಳ್ಳಿ.’ ಮನೆಗೆ ಬಂದ ಮೇಲೆ ಸುಶೀಲಾ ಆ ಕ್ಯಾನನ್ನು ಒಳಗೆ ತರಲು ಬಿಡುತ್ತಿರಲಿಲ್ಲ. ‘ಅದು ಕಾರಿಗೇ ಇರಲಿ. ಒಳ್ಳೆ ನೀರು ಕಾರಿಗೂ ಒಳ್ಳೆಯದಲ್ವಾ?’ ತವರಿನ ನೀರನ್ನೂ ಗಂಡನ ಕಾರಿಗೆ ಬಿಟ್ಟುಕೊಡುವ ಹೆಂಡತಿ ಎಷ್ಟು ಜನಕ್ಕೆ ಸಿಗುತ್ತಾಳೆ ಎಂದು ನಾನು ಕರಗಿಹೋಗುತ್ತಿದ್ದೆ. ವಾರವಿಡೀ ರೇಡಿಯೇಟರಿಗೆ ಆ ನೀರನ್ನೇ ಹಾಕುತ್ತಿದ್ದೆ.

ಆ ವರ್ಷ ಬೇಸಿಗೆ ಏರುತ್ತಿದ್ದ ಹಾಗೆ ಕಾರಿನ ಕಾವೂ ಏರಿತು. ಇಂದ್ರಾಳಿ ದಾಟಿ ಮಣಿಪಾಲದ ಏರು ಶುರುವಾದರೆ ಸಾಕು, ಮುಳ್ಳು ಎದ್ದು ಎಚ್ ಕಡೆ ನಡೆಯತೊಡಗುತ್ತಿತ್ತು. ನನ್ನ ಅಂಗೈ ಬೆವರಿ ಸ್ಟಿಯರಿಂಗ್ ಜಾರುತ್ತಿತ್ತು. ಒಂದು ಸೋಮವಾರ ಬಾನೆಟಿನ ಸಂದಿಯಿಂದ ಹಬೆ ಬಂದು ಎದುರು ಏನೂ ಕಾಣದಾಯಿತು. ಕಾರನ್ನು ಬದಿಗೆ ಹಾಕಿ ಇಳಿದೆ. ಹಿಂದಿನಿಂದ ಬಂದ ಬಸ್ಸು ನಿಧಾನವಾಯಿತು, ಕಿಟಕಿಯೊಂದರಿಂದ ಯಾರೋ, ‘ಮುಚ್ಚಳ ತೆಗೆಯಬೇಡಿ ಮಾರಾಯ್ರೆ!’ ಎಂದು ಕೂಗಿದರು, ಇನ್ನೊಂದು ಕಿಟಕಿಯಿಂದ, ‘ಕೂಡಲೇ ಮುಚ್ಚಳ ತೆಗೀರಿ!’ ಎಂದರು. ನಾನು ಎರಡನೆಯವರ ಮಾತು ಕೇಳಿದೆ. ಕರವಸ್ತ್ರ ಸುತ್ತಿ ಮುಚ್ಚಳ ತಿರುಗಿಸಿದ್ದೇ ತಡ, ಬಿಸಿನೀರು ಭುಸ್ಸೆಂದು ಮೇಲಕ್ಕೆ ಹಾರಿತು. ನಾನು ಹಿಂದಕ್ಕೆ ಹಾರಿದ್ದರಿಂದ ಮುಖ ಉಳಿಯಿತು. ನಾಲ್ಕು ಹನಿ ತುಟಿಗೆ ಬಿತ್ತು. ಉಪ್ಪು ರುಚಿ. ಹೆದರಿ ಎಷ್ಟು ಬೆವರಿದ್ದೇನಲ್ಲ ಎಂದುಕೊಂಡು ಒರೆಸಿಕೊಂಡೆ. ಅಷ್ಟರಲ್ಲಿ ನನ್ನದೇ ವಿದ್ಯಾರ್ಥಿಗಳ ಒಂದು ಗುಂಪು ನಡೆದುಕೊಂಡು ಬಂದು, ಬಹಳ ಮರ್ಯಾದೆಯಿಂದ ‘ನಮಸ್ಕಾರ ಸರ್’ ಎಂದು ಹೇಳಿ, ನನಗಿಂತ ಮೊದಲು ಕಾಲೇಜು ಸೇರಿತು.

ಇಷ್ಟೇ ಆಗಿದ್ದರೆ ಕಾರನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಆದರೆ ಅದೇ ಹೊತ್ತಿಗೆ ಸುಶೀಲಾಳ ತಂಗಿ ಲೀಲಾಳಿಗೆ ಕಾರ್ಕಳದಿಂದ ಒಂದು ಸಂಬಂಧ ಬಂತು. ಹುಡುಗ ಒಳ್ಳೆಯವನು, ಮನೆಯವರೂ ಒಳ್ಳೆಯವರು. ಎರಡು ವಾರ ಬಿಟ್ಟು ಮಾತುಕತೆಗೆ ಹುಡುಗನ ಮನೆಗೆ ಹೋಗಬೇಕು. ಮಾವ ಅವರಿಗೆ ಹೇಳಿ ಕಳಿಸಿದ್ದು: ‘ನಾವು ಅಳಿಯನ ಕಾರಿನಲ್ಲಿ ಬರ್ತೇವೆ.’ ಬಲೆ, ದೋಣಿ ಎಲ್ಲ ಕೈಬಿಟ್ಟುಹೋದ ಮನುಷ್ಯ ಅಳಿಯನ ಕಾರಿನಲ್ಲಿ ಮುಂದೆ ಕೂತು ಬೀಗರ ಅಂಗಳಕ್ಕೆ ಇಳಿಯಬೇಕೆಂದು ಆಸೆಪಟ್ಟಿದ್ದರು. ಆ ಆಸೆ ಬೆಳ್ಮಣ್ಣಿನ ಏರಿನಲ್ಲಿ ಹಬೆಯಾಗಿ ಹೋದರೆ? ಬಿಳಿ ಪಂಚೆ ಉಟ್ಟ ಮಾವ ಕಾರು ತಳ್ಳುವ ಚಿತ್ರ ನನ್ನ ಕಣ್ಣೆದುರಿಗೆ ಬರತೊಡಗಿತು. ಪಾಠ ಮಾಡುವಾಗಲೂ ಬರುತ್ತಿತ್ತು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಕಟಪಾಡಿಯ ಜಂಕ್ಷನಿನ ಹತ್ತಿರ ಶೇಖರಣ್ಣನ ಗ್ಯಾರೇಜು. ಶೇಖರಣ್ಣ ಕಾರನ್ನು ನೋಡುವ ಮೊದಲೇ ರೋಗ ಹೇಳುವವರು. ಮೊದಲ ಸಲ ಹೋದಾಗ ಬಾನೆಟ್ ಎತ್ತುವ ಮೊದಲೇ, ‘ಫ್ಯಾನ್ ಬೆಲ್ಟು, ಬೇರೆ ಎಂತದೂ ಅಲ್ಲ’ ಎಂದರು. ಬೆಲ್ಟು ಬದಲಾಯಿತು, ಮುಳ್ಳು ಏರಿತು. ಎರಡನೆಯ ಸಲ, ‘ನಾನು ಅವತ್ತೇ ಹೇಳಿದ್ದೆ ಅಲ್ವಾ, ಥರ್ಮೋಸ್ಟಾಟು ಅಂತ’ ಎಂದರು. ಹೇಳಿರಲಿಲ್ಲ. ಎಂಜಿನ್ ಬಿಸಿಯಾದ ಮೇಲೆ ನೀರಿಗೆ ದಾರಿ ಬಿಡುವ ಸಣ್ಣ ಬಾಗಿಲಿನಂಥ ಸಾಮಾನು ಅದು. ‘ನಮ್ಮ ಊರಿನ ಸೆಕೆಗೆ ಇದೆಲ್ಲ ಯಾಕೆ ಮಾಸ್ಟ್ರೇ, ಇದು ಚಳಿ ದೇಶದವರಿಗೆ’ ಎಂದು ಅದನ್ನು ಕಿತ್ತು ನನ್ನ ಕೈಯಲ್ಲಿಟ್ಟರು. ಮನೆಯಲ್ಲಿ ಬಹಳ ಕಾಲ ಅದು ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಕೂತಿತ್ತು. ಮುಳ್ಳು ಮಾತ್ರ ಮತ್ತೆ ಏರಿತು.

ಮೂರನೆಯ ಸಲ ಶೇಖರಣ್ಣನಿಗೂ ಸ್ವಲ್ಪ ಅವಮಾನವಾದ ಹಾಗಿತ್ತು. ಮಾತಿಲ್ಲದೆ ರೇಡಿಯೇಟರನ್ನೇ ಬಿಚ್ಚಿ ನೆಲದ ಮೇಲಿಟ್ಟರು. ಒಳಗೆ ಬೆರಳು ಹಾಕಿ ಕೆರೆದರು. ಉಗುರಿನ ತುಂಬ ಬೆಳ್ಳಗಿನ ಹುಡಿ. ಅದನ್ನು ಮೂಸಿ ನೋಡಿ, ಆಮೇಲೆ ನಾಲಿಗೆಗೆ ಮುಟ್ಟಿಸಿ ಉಗಿದರು. ‘ಎಂತದು ಮಾಸ್ಟ್ರೇ ಇದು? ಕಾರಿಗೆ ಕಡಲಿನ ನೀರು ಹಾಕ್ತೀರಾ? ಕೊಳವೆ ಎಲ್ಲ ಕಟ್ಟಿಹೋಗಿದೆ. ಉಪ್ಪುನೀರು ಕುದಿಸಿ ಕುದಿಸಿ ಒಳಗೆ ಪದರ ಕೂತಿದೆ. ಯಾವ ಹಾಳು ಬಾವಿಯ ನೀರು ಇದು?’

ನನಗೆ ಸಿಟ್ಟು ಬಂತು. ‘ಹಾಳು ಬಾವಿ ಅಲ್ಲ. ಕಾಪುವಿನ ನಮ್ಮ ಮಾವನ ಬಾವಿ’ ಎಂದೆ.

ಶೇಖರಣ್ಣ ತಲೆ ಎತ್ತಿದರು. ಅವರ ತಾಯಿಯ ಮನೆಯೂ ಕಾಪುವಿನಲ್ಲೇ, ಮಾವನ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ. ಅವರು ಕೈಯನ್ನು ನಿಧಾನವಾಗಿ ಬಟ್ಟೆಗೆ ಒರೆಸಿಕೊಂಡರು. ‘ರಂಪಣಿಯ ದೊಡ್ಡಣ್ಣನ ಬಾವಿಯಾ?’ ‘ಹೌದು.’ ಅವರು ರೇಡಿಯೇಟರನ್ನು ಇನ್ನೊಮ್ಮೆ ನೋಡಿದರು, ರಸ್ತೆಯ ಕಡೆ ನೋಡಿದರು, ಆಮೇಲೆ ಗಂಟಲು ಸರಿಮಾಡಿಕೊಂಡು, ‘ಹಾಗಾದ್ರೆ ನೀರು ಅಲ್ಲ. ಎಂಜಿನಿನ ಒಳಗಿನ ಹೆಡ್ ಗ್ಯಾಸ್ಕೆಟ್ ಇರಬೇಕು’ ಎಂದರು. ‘ಈಗ ತಾನೆ ಉಪ್ಪು ಅಂದಿರಲ್ಲ?’ ‘ಯಾರು ಹೇಳಿದ್ದು? ನಾನು ಹೇಳಲಿಲ್ಲ. ಆ ನೀರು ನಾನೇ ಕುಡಿದಿದ್ದೇನೆ ಮಾಸ್ಟ್ರೇ, ಒಳ್ಳೆ ನೀರು. ಏನೇ ಇರಲಿ, ರೇಡಿಯೇಟರ್ ಒಮ್ಮೆ ಸೋಡಾ ಹಾಕಿ ತೊಳೆದು ಕೊಡ್ತೇನೆ. ಕೆಲವು ಕೊಳವೆ ತೆರೆಯುವ ಹಾಗೆ ಕಾಣುವುದಿಲ್ಲ. ಏರು ಬಂದರೆ ನಿಧಾನ ಹೋಗಿ. ಯಾಕೆ ತೊಳೆದದ್ದು ಅಂತ ಮಾತ್ರ ನನ್ನತ್ರ ಕೇಳಬೇಡಿ, ಯಾರತ್ರವೂ ಹೇಳಬೇಡಿ.’ ಆ ದಿನದವರೆಗೆ ಯಾರಿಗೂ ಹೆದರದೆ ತಪ್ಪು ರೋಗ ಹೇಳುತ್ತಿದ್ದ ಮನುಷ್ಯ, ಸರಿಯಾದ ರೋಗ ಸಿಕ್ಕಿದ ಕೂಡಲೇ ಹೆದರಿ ಹಿಂದೆಗೆದುಕೊಂಡರು.

ನಾನು ರಸಾಯನಶಾಸ್ತ್ರದ ಮಾಸ್ತರ ಎಂದು ಆಗಲೇ ಹೇಳಿದೆನಲ್ಲ. ಪಿಯುಸಿ ಮಕ್ಕಳಿಗೆ ನಾನು ಮಾಡಿಸುತ್ತಿದ್ದ ಮುಖ್ಯ ಪ್ರಯೋಗವೇ ಲವಣ ಪರೀಕ್ಷೆ. ಯಾವುದರಲ್ಲಿ ಯಾವ ಉಪ್ಪು ಇದೆ ಎಂದು ಹುಡುಕುವುದು. ಮರುದಿನ ಮಧ್ಯಾಹ್ನ ಮಕ್ಕಳೆಲ್ಲ ಊಟಕ್ಕೆ ಹೋದ ಮೇಲೆ, ಬಾಗಿಲು ಓರೆ ಮಾಡಿ, ಡಿಕ್ಕಿಯ ಕ್ಯಾನಿನಿಂದ ತಂದ ನೀರನ್ನು ಒಂದು ಪ್ರನಾಳದಲ್ಲೂ ನಮ್ಮ ಮನೆಯ ನೀರನ್ನು ಇನ್ನೊಂದರಲ್ಲೂ ಹಾಕಿದೆ. ಎರಡಕ್ಕೂ ಸಿಲ್ವರ್ ನೈಟ್ರೇಟಿನ ಹನಿ ಬಿಟ್ಟೆ. ಮನೆಯ ನೀರು ಒಂದಿಷ್ಟು ಮಬ್ಬಾಯಿತು, ಅಷ್ಟೆ. ಮಾವನ ನೀರು ಬೆಳ್ಳಗೆ ಮೊಸರಾಯಿತು. ಉಪ್ಪಿದೆ ಎಂದರ್ಥ, ಚೆನ್ನಾಗಿಯೇ ಇದೆ ಎಂದರ್ಥ. ಮಕ್ಕಳ ಕೈಯಲ್ಲಿ ಇಂಥ ಫಲಿತಾಂಶ ಬಂದರೆ ಬೆನ್ನು ತಟ್ಟುವವನು ನಾನು. ಆ ದಿನ ಕಳ್ಳನ ಹಾಗೆ ಎರಡೂ ಪ್ರನಾಳ ತೊಳೆದಿಟ್ಟೆ. ಪ್ರತಿ ಭಾನುವಾರ ಆ ನೀರು ಕುಡಿದು ‘ಏನು ರುಚಿ’ ಎಂದವನ ನಾಲಿಗೆಗಿಂತ ರೇಡಿಯೇಟರಿನ ನಾಲಿಗೆ ವಾಸಿ ಎಂದು ನಾಚಿಕೆಯೂ ಆಯಿತು.

ಮನೆಗೆ ಹೋದಾಗ ಸುಶೀಲಾ ಮೆಟ್ಟುಕತ್ತಿಯ ಮುಂದೆ ಕೂತು ಬಸಳೆ ಹೆಚ್ಚುತ್ತಿದ್ದಳು. ಸುತ್ತುಬಳಸದೆ ಹೇಳಿಬಿಡೋಣ ಎಂದು ದಾರಿಯುದ್ದಕ್ಕೂ ಧೈರ್ಯ ಕೂಡಿಸಿಕೊಂಡು ಬಂದಿದ್ದೆ. ‘ಕಾಪುವಿನ ಬಾವಿಯ ನೀರು ಉಪ್ಪಾಗಿದೆ’ ಎಂದೆ. ಅವಳ ಕೈ ನಿಲ್ಲಲಿಲ್ಲ. ‘ಹೌದು’ ಎಂದಳು.

‘ಹೌದು ಅಂದ್ರೆ?’

‘ಗೊತ್ತುಂಟು ಅಂತ. ಸುತ್ತಲಿನ ತೋಟದವರೆಲ್ಲ ಪಂಪು ಇಟ್ಟು ಸಿಹಿನೀರು ಎಳೆದರಲ್ಲ, ಆವಾಗಿನಿಂದ ಕಡಲಿನ ನೀರು ಒಳಗೆ ಬರ್ತದೆ. ಮಳೆಗಾಲದಲ್ಲಿ ಸರಿ ಇರ್ತದೆ. ಬೇಸಿಗೆ ಬಂತು ಅಂದ್ರೆ ಶುರು. ವರ್ಷ ವರ್ಷ ಸ್ವಲ್ಪ ಜಾಸ್ತಿ ಆಗ್ತದೆ.’

‘ಅತ್ತೆಗೆ ಗೊತ್ತುಂಟಾ?’

‘ಅಮ್ಮನಿಗೆ ಗೊತ್ತಿಲ್ಲದೆ ಇರ್ತದಾ? ಬೇಸಿಗೆಯಲ್ಲಿ ಸಾರಿಗೆ, ಗಂಜಿಗೆ ಅವರು ಉಪ್ಪು ಅರ್ಧವೇ ಹಾಕುವುದು. ಬಂದವರಿಗೆ ಕೊಡುವ ಬೆಲ್ಲದ ತುಂಡು ದೊಡ್ಡದು ಮಾಡ್ತಾರೆ. ನೀವು ಗಮನಿಸಲಿಲ್ವಾ?’

ಗಮನಿಸಿದ್ದೆ. ಅಳಿಯನ ಮೇಲಿನ ಪ್ರೀತಿ ವರ್ಷ ವರ್ಷ ಹೆಚ್ಚಾಗುತ್ತಿದೆ ಎಂದು ತಿಳಿದುಕೊಂಡಿದ್ದೆ. ‘ಮತ್ತೆ ನೆರೆಯವರು ಕೊಡಪಾನ ಹಿಡ್ಕೊಂಡು ಬರ್ತಾರಲ್ಲ?’ ಎಂದೆ. ‘ಬರ್ತಾರೆ. ತಕ್ಕೊಂಡು ಹೋಗಿ ಪಾತ್ರೆ ತೊಳೀತಾರೆ. ಬರದಿದ್ರೆ ಅಪ್ಪನಿಗೆ ಬೇಜಾರಾಗ್ತದೆ ಅಂತ ಬರುವುದು.’ ‘ಹಾಗಾದ್ರೆ ಆ ಕ್ಯಾನು?’ ಆಗ ಅವಳ ಕೈ ನಿಂತಿತು. ‘ಅಪ್ಪ ಸೇದಿ ಕೊಟ್ಟ ನೀರು ಚೆಲ್ಲಲಿಕ್ಕೆ ಮನಸ್ಸು ಬರುವುದಿಲ್ಲ. ಕುಡಿಯಲಿಕ್ಕೂ ಆಗುವುದಿಲ್ಲ. ಕಾರಿಗಾದ್ರೂ ಆಗಲಿ ಅಂತ ಹೇಳಿದೆ. ಕಾರಿಗೆ ಎಂತ ಗೊತ್ತಾಗ್ತದೆ ಅಂತ ಎಣಿಸಿದೆ.’ ಬಸಳೆ ಬದಿಗಿಟ್ಟು, ‘ಅಪ್ಪನತ್ರ ಹೇಳಬೇಡಿ. ಅವರಿಗೆ ಉಳಿದದ್ದು ಅದೊಂದೇ’ ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ಅಲ್ಲಿಂದ ನನ್ನ ಹೆದರಿಕೆ ಇಮ್ಮಡಿಯಾಯಿತು. ಮೊದಲು ಕಾರು ಕುದಿಯದಿರಲಿ ಎಂಬ ಒಂದೇ ಚಿಂತೆ. ಈಗ ಕುದಿಯದಿರಬೇಕು, ಯಾಕೆ ಕುದಿಯುತ್ತಿತ್ತು ಎಂದು ಮಾವನಿಗೆ ತಿಳಿಯಲೂಬಾರದು. ಕಾರ್ಕಳಕ್ಕೆ ಹೊರಡುವ ಬೆಳಿಗ್ಗೆ ತೊಳೆದ ರೇಡಿಯೇಟರಿಗೆ ನಮ್ಮ ಮನೆಯ ನೀರನ್ನೇ ತುಂಬಿಸಿದೆ. ಅಂಥದೇ ಇನ್ನೊಂದು ಬಿಳಿ ಕ್ಯಾನು ತಂದು, ಅದರಲ್ಲೂ ನಮ್ಮ ನೀರು ತುಂಬಿಸಿ, ಡಿಕ್ಕಿಯಲ್ಲಿ ಗೋಣಿಯ ಕೆಳಗೆ ಅಡಗಿಸಿಟ್ಟೆ. ಕಾಪುವಿನಲ್ಲಿ ಮಾವ ಸಿದ್ಧರಾಗಿ ಅಂಗಳದಲ್ಲೇ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಹೆಗಲ ಮೇಲೆ ಜರಿಯ ಶಲ್ಯ, ಕೈಯಲ್ಲಿ ಚೊಂಬು. ‘ತುಂಬಿದೆ ಮಾವ, ಬೇಡ’ ಎಂದೆ. ‘ದೂರದ ದಾರಿ, ಒಂದು ಚೊಂಬಾದರೂ ಹೋಗಲಿ’ ಎಂದು ಅವರು ಹಾಕಿಯೇ ಹಾಕಿದರು. ತುಂಬಿದ್ದ ರೇಡಿಯೇಟರಿನಿಂದ ಅದರ ಬಹುಪಾಲು ಹೊರಚೆಲ್ಲಿದ್ದು ಕಂಡು ನಾನು ಒಳಗೊಳಗೇ ಖುಷಿಪಟ್ಟೆ. ಆಮೇಲೆ ಅವರು ತಮ್ಮ ಕ್ಯಾನು ತುಂಬಿಸಿ, ನೀಲಿ ನೂಲಿನ ಗಂಟು ಹಾಕಿ, ಡಿಕ್ಕಿಯಲ್ಲಿಟ್ಟರು.

ಮುಂದೆ ಮಾವ, ಹಿಂದೆ ಅತ್ತೆ ಮತ್ತು ಸುಶೀಲಾ. ಪಡುಬಿದ್ರೆಯಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ, ಅಲ್ಲ, ಎಡಕ್ಕೆ ತಿರುಗಿದೆವು. ಮುಳ್ಳು ನೋಡುತ್ತಿದ್ದವನಿಗೆ ಎಡಬಲ ಎಲ್ಲಿ ನೆನಪಿರುತ್ತದೆ. ಮಾವ ಕಿಟಕಿಯ ಮೇಲೆ ಮೊಣಕೈ ಇಟ್ಟು, ದಾರಿಯಲ್ಲಿ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡುತ್ತ ಕೂತಿದ್ದರು. ಬೆಳ್ಮಣ್ ಬರುವವರೆಗೆ ಮುಳ್ಳು ನಡುವಿನಲ್ಲೇ ಇತ್ತು. ಬೆಳ್ಮಣ್ ದಾಟಿ ಏರು ಶುರುವಾದಾಗ ಅದು ಮೆಲ್ಲನೆ ಎದ್ದಿತು. ನಾನು ನಿಧಾನ ಮಾಡಿದೆ. ಅದು ಇನ್ನೂ ಎದ್ದಿತು. ಎಚ್‌ಗೆ ಮುಟ್ಟಲು ಕೂದಲೆಳೆಯಷ್ಟು ಇರುವಾಗ ಒಂದು ಗೇರುಮರದ ಕೆಳಗೆ ಕಾರು ನಿಲ್ಲಿಸಿ, ‘ಎಂಜಿನಿಗೆ ಸ್ವಲ್ಪ ರೆಸ್ಟ್ ಕೊಡುವ’ ಎಂದು ಸುಳ್ಳು ನಗೆ ನಕ್ಕೆ. ಬಾನೆಟಿನಿಂದ ಹಬೆಯ ಸಣ್ಣ ಎಳೆಯೊಂದು ಬಂದು ನನ್ನ ಮಾತನ್ನು ಹಾಳು ಮಾಡಿತು.

ಈ ಸಲ ಮುಚ್ಚಳ ಮುಟ್ಟದೆ ಎಂಜಿನ್ ತಣಿಯುವವರೆಗೆ ಕಾದೆವು. ಬಿಸಿಲು ಸುಡುತ್ತಿತ್ತು. ಬೀಗರ ಮನೆಯಲ್ಲಿ ನಮಗಾಗಿ ಕಾಯುತ್ತಿದ್ದಾರೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರ ಮನಸ್ಸಿನಲ್ಲೂ ಅದೇ. ನಾನು ಡಿಕ್ಕಿ ತೆಗೆದು, ಗೋಣಿಯ ಕೆಳಗಿನ ನನ್ನ ಕ್ಯಾನು ಎಳೆದುಕೊಂಡು ಮುಂದಕ್ಕೆ ಬಂದೆ. ಮಾವ ಕೈ ಚಾಚಿದರು. ‘ಕಾರಿಗೆ ಮತ್ತೆ ಹಾಕುವ. ಮೊದಲು ನನಗೆ ಕೊಡಿ, ಗಂಟಲು ಒಣಗಿದೆ.’

ಕೊಡದೆ ಉಪಾಯವಿರಲಿಲ್ಲ. ಹಿಂದಿನ ಸೀಟಿನಲ್ಲಿ ಅತ್ತೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದವರು ನಿಲ್ಲಿಸಿದರು. ಸುಶೀಲಾ ನನ್ನ ಮುಖ ನೋಡಿದಳು. ಮಾವ ಕ್ಯಾನು ಎತ್ತಿ ಬಾಯಿಗೆ ನೀರು ಬಿಟ್ಟುಕೊಂಡರು. ಒಂದು ಗುಟುಕು ಕುಡಿದು ನಿಲ್ಲಿಸಿದರು. ಕ್ಯಾನನ್ನು ಕೆಳಗಿಳಿಸಿ ಅದರ ಬಾಯಿಯ ಸುತ್ತ ಹೆಬ್ಬೆರಳು ಆಡಿಸಿದರು. ನೀಲಿ ನೂಲು ಇಲ್ಲ! ಕ್ಯಾನು ಒಂದೇ ಥರದ್ದು ಹುಡುಕಿ ತಂದವನಿಗೆ ನೂಲಿನ ನೆನಪೇ ಬಂದಿರ​ಲಿಲ್ಲ.

‘ಎಲ್ಲಿಯ ನೀರಿದು?’ ಎಂದರು ಮಾವ.

ನಾನು ಬಾಯಿ ತೆರೆಯುವ ಮೊದಲು ಸುಶೀಲಾ, ‘ನಮ್ಮದೇ ಅಪ್ಪ, ನಮ್ಮ ಬಾವಿಯದ್ದೇ’ ಎಂದಳು. ‘ಮತ್ತೆ ಯಾರದ್ದು? ಕುಡಿದರೆ ಗೊತ್ತಾಗುವುದಿಲ್ವಾ?’ ಎಂದರು ಅತ್ತೆ. ಮಾವ ಮಗಳನ್ನು ನೋಡಿದರು, ಅತ್ತೆಯನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ‘ಹೌದು, ನಮ್ಮದೇ’ ಎಂದರು. ಆಮೇಲೆ ಮತ್ತೆ ಕ್ಯಾನು ಎತ್ತಿ, ಬಹಳ ದಿನಗಳಿಂದ ನೀರು ಕಾಣದವರ ಹಾಗೆ ಉದ್ದಕ್ಕೆ ಕುಡಿದರು. ‘ಉಳಿದದ್ದು ಕಾರಿಗೆ ಹಾಕಿ.’

ಕಾರು ಆ ಏರನ್ನು ಹತ್ತಿತು. ನಿಟ್ಟೆ ದಾಟಿತು. ಕಾರ್ಕಳದ ಬೀಗರ ಅಂಗಳದಲ್ಲಿ ಮಾವ ಮುಂಬಾಗಿಲು ತೆರೆದು, ಶಲ್ಯ ಸರಿಪಡಿಸಿಕೊಂಡು, ಅವರು ಆಸೆಪಟ್ಟ ಹಾಗೆಯೇ ಇಳಿದರು. ಅಲ್ಲಿಯೂ ಬೆಲ್ಲ ನೀರು ಬಂತು. ಬೆಲ್ಲದ ತುಂಡು ಎಷ್ಟು ಸಣ್ಣದು ಎಂದು ನಾನೂ ಸುಶೀಲಾಳೂ ಒಟ್ಟಿಗೇ ನೋಡಿದೆವು. ಕಲ್ಲಿನಲ್ಲಿ ಕಡಿದ ಬಾವಿ, ತಣ್ಣಗಿನ ನೀರು. ಮಾವ ಕುಡಿದು, ‘ಒಳ್ಳೆಯ ನೀರುಂಟು ನಿಮ್ಮದು’ ಎಂದರು. ಇನ್ನೊಬ್ಬರ ಬಾವಿಯನ್ನು ಅವರು ಹೊಗಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಾತುಕತೆ ಸುಸೂತ್ರವಾಗಿ ಮುಗಿಯಿತು. ಲೀಲಾಳ ಮದುವೆ ಗಟ್ಟಿಯಾಯಿತು.

ಕಾರ್ಕಳದಿಂದ ಬಂದ ಮೇಲೆ ಶೇಖರಣ್ಣ ರೇಡಿಯೇಟರಿನ ಒಳಗಿನ ಕೊಳವೆಗಳ ಚೌಕಟ್ಟನ್ನೇ ಹೊಸದು ಹಾಕಿದರು, ಕಾರಣ ಮಾತ್ರ ಗ್ಯಾಸ್ಕೆಟ್ ಎಂದೇ ಹೇಳಿದರು. ಮರು ಭಾನುವಾರ ಕಾಪುವಿನಿಂದ ಹೊರಡುವಾಗ ಮಾವ ಎಂದಿನಂತೆ ಚೊಂಬು ಹಿಡಿದು ಕಾರಿನ ಹತ್ತಿರ ಬಂದರು. ನಾನು ಹೆದರುತ್ತಲೇ ಬಾನೆಟ್ ಎತ್ತಿದೆ. ‘ಮುಚ್ಚಿ ಮಾಸ್ಟ್ರೇ’ ಎಂದರು, ಮೆಲುದನಿಯಲ್ಲಿ. ‘ಕಾರಿಗೆ ಬೇಡ. ಅದು ಪಾಪ, ಕುದಿದು ಕುದಿದು ಹೇಳಿತು.’

‘ಹಾಗಲ್ಲ ಮಾವ, ಅದು ಗ್ಯಾಸ್ಕೆಟ್...’

‘ಕಡಲಿನ ಉಪ್ಪು ಬಾಯಿಗೆ ಹೊಡೆದೇ ದೊಡ್ಡವನಾದವನು ನಾನು. ನನಗೆ ಉಪ್ಪು ಗೊತ್ತಾಗುವುದಿಲ್ವಾ? ನಿಮಗೆಲ್ಲರಿಗಿಂತ ಮೊದಲೇ ಗೊತ್ತಾಗಿತ್ತು.’ ಅವರು ಒಮ್ಮೆ ಹಿಂದಕ್ಕೆ ತಿರುಗಿ ನೋಡಿದರು. ಬಾಗಿಲಿನಲ್ಲಿ ಅತ್ತೆ ನಿಂತಿದ್ದರು. ‘ನಿಮ್ಮ ಅತ್ತೆ ಮದುವೆಯಾಗಿ ಬಂದ ದಿನದಿಂದ ಈ ನೀರು ಸೇದಿದವಳು. ಉಪ್ಪಾಗಿದೆ ಅಂದ್ರೆ ಅವಳಿಗೆ ಸಂಕಟ ಆಗ್ತದೆ. ಹಾಗೆ ನಾನು ಸುಮ್ಮನಿದ್ದೇನೆ. ಅವಳತ್ರ ಹೇಳಬೇಡಿ.’

ಒಂದೇ ಬಾವಿಯ ಎರಡು ಕಡೆ ನಿಂತು ಇಷ್ಟು ವರ್ಷ ಇಬ್ಬರೂ ಒಬ್ಬರಿಂದೊಬ್ಬರು ಇದನ್ನೇ ಬಚ್ಚಿಡುತ್ತಿದ್ದರು. ಮಾವ ಚೊಂಬನ್ನು ನನ್ನ ಕೈಗಿಟ್ಟು, ಅತ್ತೆಗೆ ಕೇಳುವ ಹಾಗೆ ದನಿ ಎತ್ತಿ, ‘ಕುಡಿಯಿರಿ ಮಾಸ್ಟ್ರೇ! ಹೇಗುಂಟು ಹೇಳಿ!’ ಎಂದರು. ಬಾಗಿಲಿನಿಂದ ಅತ್ತೆ ನೋಡುತ್ತಿದ್ದಾರೆ. ಅವರ ಹಿಂದಿನಿಂದ ಸುಶೀಲಾ ನೋಡುತ್ತಿದ್ದಾಳೆ. ನನ್ನ ಕಣ್ಣೆದುರು ಮೊಸರಾದ ಪ್ರನಾಳ ಬಂದು ನಿಂತಿತು. ಕುಡಿದೆ. ಈ ಸಲ ಬಾಯಲ್ಲಿ ಬೆಲ್ಲವೂ ಇರಲಿಲ್ಲ. ‘ಸಿಹಿ ಉಂಟು ಮಾವ’ ಎಂದೆ. ಅತ್ತೆಯ ಮುಖ ಅರಳಿತು. ಮಾವ ಕಣ್ಣು ಮಿಟುಕಿಸಿ, ಎಂದಿಗಿಂತ ಗಟ್ಟಿಯಾಗಿ ನೂಲು ಬಿಗಿದ ಕ್ಯಾನನ್ನು ಡಿಕ್ಕಿಯಲ್ಲಿಟ್ಟರು. ‘ಇದು ಕಾರಿಗಲ್ಲ, ನೆನಪಿರಲಿ. ಕುಡಿಯಲಿಕ್ಕೆ.’

ಆಮೇಲೆ ಕಾರು ಕುದಿಯಲಿಲ್ಲ. ಮಣಿಪಾಲದ ಏರಿನಲ್ಲಿ ಮುಳ್ಳು ನಡುವಿನಲ್ಲೇ ನಿಂತಿತು. ನಾನು ದಾರಿಯ ಬದಿಯ ಮನೆಗಳನ್ನು ನೋಡಲು ಕಲಿತೆ. ಆದರೆ ಕ್ಯಾನು ಮಾತ್ರ ಪ್ರತಿ ವಾರ ಬರುತ್ತಲೇ ಇತ್ತು. ಕಾರಿಗೆ ಹಾಕುವಂತಿಲ್ಲ, ಚೆಲ್ಲಲು ಸುಶೀಲಾಳಿಗೆ ಮನಸ್ಸಿಲ್ಲ. ‘ಅಪ್ಪ ಅಮ್ಮನ ಎದುರು ಸಿಹಿ ಉಂಟು ಅಂತ ಹೇಳಿದ್ದು ನೀವೇ ಅಲ್ವಾ?’ ಎಂದು ಅವಳು ಆ ನೀರನ್ನು ನನ್ನ ಲೋಟಕ್ಕೆ ಬಗ್ಗಿಸುತ್ತಿದ್ದಳು. ಊಟಕ್ಕೆ ಕೂತಾಗ ಆ ಲೋಟದ ಪಕ್ಕ ಒಂದು ಬೆಲ್ಲದ ತುಂಡು ಇರುತ್ತಿತ್ತು. ಮಳೆ ಬರಲು ಇನ್ನೂ ಸಮಯವಿತ್ತು, ತುಂಡು ವಾರ ವಾರಕ್ಕೂ ದೊಡ್ಡದಾಗುತ್ತಿತ್ತು.